ಬಾಣದ ಮೇಲೆ ಕಾಲಿಡುವವರ ಮಾತು

ಡ್ಯಾನ್ಸ್ ಗೇಮ್ ಯಂತ್ರದಿಂದ ಬೆವರು ಒರೆಸಿಕೊಳ್ಳುತ್ತ ಇಳಿದವನನ್ನು ಸರದಿಯಲ್ಲಿ ನಿಂತವನು ‘ಹೇಗಿತ್ತು?’ ಅಂತ ಕೇಳಿದರೆ ಸಿಗುವ ಉತ್ತರ ಸುಮಾರು ಹೀಗಿರುತ್ತದೆ: ‘ಹದಿನೈದು. ಸ್ಟ್ರೀಮ್ ಸಲೀಸು, ನಡುವೆ ಒಂದು ಕ್ಯಾಂಡಲ್ ಇದೆ. ಕೊನೇ ಜ್ಯಾಕ್‌ನಲ್ಲಿ ಚೋಕ್ ಆಯ್ತು, ಇಲ್ಲದಿದ್ದರೆ ಪಿಎಫ್‌ಸಿ.’ ಹೊರಗಿನವರಿಗೆ ಇದರಲ್ಲಿ ಒಂದು ಮಾತೂ ತಲೆಗೆ ಹೋಗುವುದಿಲ್ಲ. ಸರದಿಯಲ್ಲಿದ್ದವನಿಗೆ ಮಾತ್ರ ಹಾಡು ಎಷ್ಟು ಕಷ್ಟ, ಎಲ್ಲಿ ಸೊಂಟ ತಿರುಗಿಸಬೇಕು, ಎಲ್ಲಿಗೆ ಕಾಲಿನ ಬಲ ಉಳಿಸಿಕೊಳ್ಳಬೇಕು ಎಂಬುದೆಲ್ಲ ಅಷ್ಟರಲ್ಲೇ ತಿಳಿದುಹೋಗಿರುತ್ತದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಕೆಲವೇ ಸೆಕೆಂಡಿನಲ್ಲಿ ಹೇಳಿ ಮುಗಿಸಬೇಕಾದ ಮಾತು ಇದು. ಅದಕ್ಕೇ ಇಷ್ಟು ಚುಟುಕು.

ಆಟದ ನಿಯಮ ಬಲು ಸರಳ. ಪರದೆಯ ಮೇಲ್ಭಾಗದಲ್ಲಿ ನಾಲ್ಕು ಬಾಣದ ಗುರುತುಗಳು ಅಲುಗಾಡದೆ ನಿಂತಿರುತ್ತವೆ. ಹಾಡಿನ ಜೊತೆ ಕೆಳಗಿನಿಂದ ಬಣ್ಣದ ಬಾಣಗಳು ಏರಿ ಬರುತ್ತವೆ. ಬಾಣ ಬಂದು ಗುರುತಿನ ಮೇಲೆ ಕೂತ ಕ್ಷಣಕ್ಕೆ, ಕಾಲ ಕೆಳಗಿರುವ ಅದೇ ದಿಕ್ಕಿನ ಪ್ಯಾನೆಲ್ ತುಳಿಯಬೇಕು. ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಹೆಸರಿನಲ್ಲಿ ಇದನ್ನು ಆರ್ಕೇಡ್‌ಗಳಿಗೆ ತಂದಿತು. ಆಟಗಾರರ ಬಾಯಲ್ಲಿ ಅದು ಡಿಡಿಆರ್. ಎಡ, ಕೆಳಗೆ, ಮೇಲೆ, ಬಲ, ಹೀಗೆ ಅದಕ್ಕೆ ನಾಲ್ಕು ಪ್ಯಾನೆಲ್. ಮರುವರ್ಷವೇ ದಕ್ಷಿಣ ಕೊರಿಯಾದ ಆಂಡಮಿರೊ ‘ಪಂಪ್ ಇಟ್ ಅಪ್’ ಹೊರತಂದಿತು. ಅದರಲ್ಲಿ ನಾಲ್ಕು ಮೂಲೆಗೆ ನಾಲ್ಕು, ನಟ್ಟನಡುವೆ ಒಂದು, ಒಟ್ಟು ಐದು ಪ್ಯಾನೆಲ್. 2004ರಲ್ಲಿ ಅಮೆರಿಕದ ರಾಕ್ಸರ್ ಗೇಮ್ಸ್ ‘ಇನ್ ದ ಗ್ರೂವ್’ ತಂದಿತು, ಅದು ಐಟಿಜಿ. ಇವುಗಳ ಜೊತೆ ‘ಸ್ಟೆಪ್‌ಮೇನಿಯಾ’ ಎಂಬ ಉಚಿತ ಮುಕ್ತ ತಂತ್ರಾಂಶವಿದೆ. ಐಟಿಜಿಯನ್ನು ಕಟ್ಟಿದ್ದೇ ಅದರ ಮೇಲೆ. ಸ್ಟೆಪ್‌ಮೇನಿಯಾದಲ್ಲಿ ಯಾರು ಬೇಕಾದರೂ ತಮ್ಮಿಷ್ಟದ ಹಾಡಿಗೆ ಬಾಣ ಜೋಡಿಸಬಹುದು. ಹೀಗೆ ಜೋಡಿಸಿದ ಸಾಲಿಗೆ ‘ಚಾರ್ಟ್’ ಎನ್ನುತ್ತಾರೆ. ಆಡುವವರೇ ಚಾರ್ಟ್ ಬರೆಯತೊಡಗಿದ ಮೇಲೆ ಯಾವ ಬಾಣ ಕಾಲಿಗೆ ಏನು ಮಾಡುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾಯಿತು. ಈ ಪರಿಭಾಷೆಯ ದೊಡ್ಡ ಪಾಲು ಬೆಳೆದದ್ದು ಹಾಗೆ. ಯಂತ್ರ ತಾನೇ ಕೆಲವು ಮಾತು ಕೊಟ್ಟಿತ್ತು. ಅವು ಸಾಲದಾದ ಕಡೆಯೆಲ್ಲ ಆಟಗಾರರು ಹೊಸದು ಸೇರಿಸಿದರು.

ಯಂತ್ರ ಕೊಟ್ಟ ಮಾತು ಯಾವುದು ಅಂದರೆ, ಪ್ರತಿ ಹೆಜ್ಜೆಗೂ ಪರದೆಯಲ್ಲಿ ಮಿನುಗುವ ತೀರ್ಪು. ಡಿಡಿಆರ್‌ನಲ್ಲಿ ಮಾರ್ವೆಲಸ್, ಪರ್ಫೆಕ್ಟ್, ಗ್ರೇಟ್, ಗುಡ್, ಮಿಸ್. ಮಾರ್ವೆಲಸ್ ಸಿಗಬೇಕಾದರೆ ಸರಿಯಾದ ಕ್ಷಣಕ್ಕಿಂತ ಸುಮಾರು ಸೆಕೆಂಡಿನ ಅರವತ್ತನೇ ಒಂದು ಪಾಲು ಹಿಂದೆ ಅಥವಾ ಮುಂದೆ, ಅಷ್ಟರೊಳಗೆ ಕಾಲು ಬೀಳಬೇಕು. ಕಾಲು ಬಿಡದೆ ಒತ್ತಿ ಹಿಡಿಯಬೇಕಾದ ಉದ್ದ ಬಾಲದ ಬಾಣ ‘ಫ್ರೀಜ್’. 2001ರ ‘ಡಿಡಿಆರ್ ಮ್ಯಾಕ್ಸ್’ನಲ್ಲಿ ಇದು ಬಂತು. ತುಳಿಯಲೇಬಾರದ ‘ಶಾಕ್ ಆ್ಯರೋ’ 2008ರ ‘ಡಿಡಿಆರ್ ಎಕ್ಸ್’ನದು. ಐಟಿಜಿಯಲ್ಲಿ ಅಂಥದ್ದೇ ಒಂದು ‘ಮೈನ್’ ಮೊದಲೇ ಇತ್ತು. ಫ್ರೀಜ್‌ನಂತೆ ಕಂಡರೂ ಕಾಲು ಇಟ್ಟು ಸುಮ್ಮನಿರುವ ಹಾಗಿಲ್ಲದ, ಮತ್ತೆ ಮತ್ತೆ ತುಳಿಯುತ್ತಲೇ ಇರಬೇಕಾದ ‘ರೋಲ್’ ಕೂಡ ಐಟಿಜಿಯ ಕೊಡುಗೆ.

ಹಾಡು ಪಾಸಾದರೆ ‘ಕ್ಲಿಯರ್’. ಆರಂಭದಲ್ಲಿ ಇಷ್ಟು ಸಾಕು. ಆದರೆ ಒಂದು ಹಾಡನ್ನು ಹತ್ತಾರು ಸಲ ಕ್ಲಿಯರ್ ಮಾಡಿದವನಿಗೂ ನಿನ್ನೆ ತಾನೇ ತಿಣುಕಿ ಪಾಸಾದವನಿಗೂ ಒಂದೇ ಮಾತು ಹೇಗೆ ಹೊಂದೀತು? ಅಲ್ಲಿಂದ ಅಕ್ಷರಗಳ ಏಣಿ ಶುರುವಾಗುತ್ತದೆ. ಒಂದು ಬಾಣವನ್ನೂ ಕೈಬಿಡದೆ, ಸರಣಿ ತುಂಡಾಗದೆ ಮುಗಿಸಿದರೆ ಫುಲ್ ಕಾಂಬೊ, ಎಫ್‌ಸಿ. ಎಲ್ಲವೂ ಪರ್ಫೆಕ್ಟ್ ಅಥವಾ ಅದಕ್ಕಿಂತ ಮೇಲಾದರೆ ಪಿಎಫ್‌ಸಿ. ಎಲ್ಲವೂ ಮಾರ್ವೆಲಸ್ ಆದರೆ ಎಂಎಫ್‌ಸಿ. ಈ ಮೆಟ್ಟಿಲುಗಳ ನಡುವೆಯೂ ಜನ ವರ್ಷಗಟ್ಟಲೆ ಸಿಕ್ಕಿಬೀಳುವುದರಿಂದ ಅಲ್ಲಿಗೂ ಹೆಸರಿದೆ. ಹತ್ತಕ್ಕಿಂತ ಕಡಿಮೆ ಗ್ರೇಟ್, ಉಳಿದದ್ದೆಲ್ಲ ಅದಕ್ಕಿಂತ ಚೆನ್ನಾಗಿದ್ದರೆ ‘ಸಿಂಗಲ್ ಡಿಜಿಟ್ ಗ್ರೇಟ್ಸ್’, ಅಂದರೆ ಎಸ್‌ಡಿಜಿ. ಪಿಎಫ್‌ಸಿ ಆಗಿದ್ದು ಪರ್ಫೆಕ್ಟ್‌ಗಳ ಸಂಖ್ಯೆ ಹತ್ತಕ್ಕಿಂತ ಕೆಳಗಿದ್ದರೆ ಎಸ್‌ಡಿಪಿ. ಈಚಿನ ಡಿಡಿಆರ್‌ಗಳಲ್ಲಿ ಪೂರ್ಣ ಅಂಕ 10,00,000. ಪ್ರತಿ ಪರ್ಫೆಕ್ಟ್‌ಗೆ ಕಳೆಯುವುದು ಕೇವಲ ಹತ್ತು ಅಂಕ. ಹಾಗಾಗಿ ಒಂಬತ್ತು ಪರ್ಫೆಕ್ಟ್ ಬಂದವನ ಅಂಕ 9,99,910. ಫಲಿತಾಂಶದ ಪರದೆಯಲ್ಲಿ ಕೊನೆಯ ಮೂರು ಅಂಕಿ ನೋಡಿದರೆ ಸಾಕು, ಹಿಂದೆ ನಿಂತವರು ‘ಎಸ್‌ಡಿಪಿ!’ ಎಂದು ಕೂಗುತ್ತಾರೆ. ಇನ್ನೂ ಅರ್ಧ ಹಾಡಿಗೇ ಉಸಿರು ಕಟ್ಟುವವರಿಗೆ ಈ ಕೂಗಿನ ಬೆಲೆ ತಿಳಿಯಲು ಸ್ವಲ್ಪ ಕಾಲ ಬೇಕಾಗುತ್ತದೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಸ್ಥಿತಿಗೆ ಇಲ್ಲಿನ ಮಾತು ‘ಚೋಕ್’. ಹಾಡಿನುದ್ದಕ್ಕೂ ಎಲ್ಲ ಸರಿಯಾಗಿ, ಕೊನೆಯ ಕೆಲವು ಬಾಣಗಳಲ್ಲಿ ಕಾಲು ತಪ್ಪುವುದು. ಕಾರಣ ಬಹುಪಾಲು ಆಯಾಸವಲ್ಲ. ‘ಈ ಸಲ ಆಗೇಬಿಡುತ್ತೆ’ ಅನ್ನಿಸಿದ ಕ್ಷಣಕ್ಕೆ ಮೈ ಬಿಗಿಯುತ್ತದೆ.

ಐಟಿಜಿಯವರ ಏಣಿಗೆ ಮೆಟ್ಟಿಲು ಬೇರೆ. ಅಲ್ಲಿ ಶೇಕಡಾವಾರು ಅಂಕ: 96ಕ್ಕೆ ಒಂದು ನಕ್ಷತ್ರ, 98ಕ್ಕೆ ಎರಡು, 99ಕ್ಕೆ ಮೂರು, ಪೂರ್ತಿ 100ಕ್ಕೆ ನಾಲ್ಕು. ನಾಲ್ಕು ನಕ್ಷತ್ರ ಪಡೆಯುವುದೇ ‘ಕ್ವಾಡ್’. ಅದನ್ನೂ ಸಲೀಸಾಗಿ ತೆಗೆಯುವವರು ಬಂದ ಮೇಲೆ ಆಟಗಾರರು ತಮಗೆ ತಾವೇ ಇನ್ನೂ ಇಕ್ಕಟ್ಟಾದ ಗಡಿ ಹಾಕಿಕೊಂಡರು. ಅತ್ಯುತ್ತಮ ತೀರ್ಪಾದ ಫ್ಯಾಂಟಾಸ್ಟಿಕ್‌ನೊಳಗೇ, 15 ಮಿಲಿಸೆಕೆಂಡಿನ ಒಳಗೆ ಬಿದ್ದ ಹೆಜ್ಜೆಗೆ ನೀಲಿ, ಅದರಾಚೆ ಬಿದ್ದದ್ದಕ್ಕೆ ಬಿಳಿ. ಎಲ್ಲವೂ ನೀಲಿಯಾದರೆ ‘ಕ್ವಿಂಟ್’, ಐದನೇ ನಕ್ಷತ್ರ. ರಾಕ್ಸರ್ ಮಾಡಿದ ಆಟದಲ್ಲಿ ಇದು ಇರಲೇ ಇಲ್ಲ. ಕಂಪನಿ ಕೈಬಿಟ್ಟ ಆಟವನ್ನು ಆಡುವವರೇ ಮುಂದುವರಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು.

ಇನ್ನು ‘ಹದಿನೈದು’. ಹಾಡಿನ ಕಷ್ಟದ ಅಂಕಿ ಇದು. ಮೊದಮೊದಲಿನ ಡಿಡಿಆರ್‌ನಲ್ಲಿ ಕಷ್ಟವನ್ನು ಪುಟ್ಟ ಪಾದದ ಚಿತ್ರಗಳಲ್ಲಿ ತೋರಿಸುತ್ತಿದ್ದರು. ಒಂಬತ್ತು ಪಾದವೇ ಕೊನೆ, ಅದರ ಹೆಸರು ‘ಕ್ಯಾಟಸ್ಟ್ರಾಫಿಕ್’. 2001ರಲ್ಲಿ ಡಿಡಿಆರ್ ಮ್ಯಾಕ್ಸ್‌ನಲ್ಲಿ ‘ಮ್ಯಾಕ್ಸ್ 300’ ಬಂತು. ಹೆಸರೇ ಹೇಳುವಂತೆ ನಿಮಿಷಕ್ಕೆ 300 ಬೀಟ್. ಒಂಬತ್ತರೊಳಗೆ ಅದು ಹಿಡಿಸದೆ ಹತ್ತನೇ ಪಾದ ಸೇರಿತು. ಆಮೇಲೆ ಬಂದ ಎಷ್ಟೋ ಹಾಡುಗಳು ಆ ಹತ್ತರೊಳಗೇ ತುರುಕಿಕೊಂಡು, ಹತ್ತಕ್ಕೂ ಹತ್ತಕ್ಕೂ ಅಜಗಜಾಂತರವಾಯಿತು. ಕೊನೆಗೆ 2008ರ ಡಿಡಿಆರ್ ಎಕ್ಸ್ 1ರಿಂದ 20ರ ಹೊಸ ಅಳತೆ ತಂದಿತು. ಈ ಅಳತೆಯಲ್ಲಿ ಮ್ಯಾಕ್ಸ್ 300ರ ‘ಎಕ್ಸ್‌ಪರ್ಟ್’ ಹಂತದ ಚಾರ್ಟ್ 15. ಆದ್ದರಿಂದ ಹಳೆಯ ಆಟಗಾರರು ‘ಓಲ್ಡ್ ಸ್ಕೇಲ್’, ‘ಎಕ್ಸ್ ಸ್ಕೇಲ್’ ಎಂದು ಬಿಡಿಸಿ ಹೇಳುತ್ತಾರೆ. ಪಂಪ್‌ನವರು ಅಂಕಿಗೆ ಮೊದಲು ಅಕ್ಷರ ಇಡುತ್ತಾರೆ: ‘ಎಸ್ 17’ ಅಂದರೆ ಐದು ಪ್ಯಾನೆಲ್‌ನ ಸಿಂಗಲ್, ‘ಡಿ 20’ ಅಂದರೆ ಎರಡೂ ಪ್ಯಾಡ್ (ಪ್ಯಾನೆಲ್‌ಗಳ ಹಾಸು) ಸೇರಿ ಹತ್ತು ಪ್ಯಾನೆಲ್ ಮೇಲೆ ಒಬ್ಬನೇ ಓಡಾಡುವ ಡಬಲ್. ಒಂದು ಆಟದ ಹದಿನೈದು ಇನ್ನೊಂದರ ಹದಿನೈದಲ್ಲ. ಡಿಡಿಆರ್ ಆಡಿದವರು ಪಂಪ್ ಯಂತ್ರ ಹತ್ತಿದರೆ ಅಂಕಿಯನ್ನು ಮರೆತು ಕೆಳಗಿನಿಂದ ಶುರು ಮಾಡುವುದು ಕ್ಷೇಮ. ‘ಟ್ರಿಪಲ್ ಎ’ಗೂ ಇದೇ ಗತಿ. 2000ರ ದಶಕದ ಆರಂಭದ ಆವೃತ್ತಿಗಳಲ್ಲಿ ಆ ದರ್ಜೆಗೆ ಎಲ್ಲ ಹೆಜ್ಜೆಯೂ ಪರ್ಫೆಕ್ಟ್ ಆಗಬೇಕಿತ್ತು. ಈಗಿನವಕ್ಕೆ 9,90,000 ಅಂಕ ದಾಟಿದರೆ ಸಾಕು. ಹಾಗಾಗಿ ಯಾರಾದರೂ ಟ್ರಿಪಲ್ ಎ ಅಂದಾಗ ಯಾವ ಕಾಲದ್ದು ಎಂದು ಕೇಳಬೇಕು.

ಇಷ್ಟು ಅಂಕದ ಮಾತಾಯಿತು. ನಿಜವಾದ ಸಂಪತ್ತು ಇರುವುದು ಕಾಲಿನ ಮಾತಿನಲ್ಲಿ. ಇಲ್ಲಿನ ಮೂಲಪಾಠ ಒಂದೇ: ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ಬಾಣ ಎಲ್ಲಿಯದೇ ಇರಲಿ, ಕಾಲು ಬದಲಾಗುತ್ತ ಹೋಗಬೇಕು. ಒಂದೇ ಕಾಲಿನಲ್ಲಿ ಬೇರೆ ಬೇರೆ ದಿಕ್ಕಿನ ಎರಡು ಬಾಣ ಒಂದರ ಹಿಂದೊಂದು ತುಳಿದರೆ ಅದು ‘ಡಬಲ್ ಸ್ಟೆಪ್’. ಹೊಸಬರನ್ನು ಗುರುತಿಸುವುದು ಇದರಿಂದಲೇ. ನಿಧಾನದ ಹಾಡಿನಲ್ಲಿ ಇದರಿಂದ ಏನೂ ಕೆಡುವುದಿಲ್ಲ, ವೇಗ ಏರಿದಂತೆ ಕಾಲು ಹಿಂದೆ ಬೀಳುತ್ತದೆ.

ಎಡ, ಕೆಳಗೆ, ಬಲ, ಕೆಳಗೆ, ಎಡ ಎಂಬ ಐದು ಬಾಣ ತೆಗೆದುಕೊಳ್ಳಿ. ಎಡಕ್ಕೆ ಎಡಗಾಲು, ಕೆಳಗೆ ಬಲಗಾಲು. ಈಗ ಬಲ ಬಂತು, ಸರದಿ ಎಡಗಾಲಿನದು. ಎಡಗಾಲು ಬಲಗಾಲಿನ ಮುಂದಿನಿಂದ ದಾಟಿ ಬಲ ಪ್ಯಾನೆಲ್‌ಗೆ ಹೋಗಬೇಕು. ಹೋಗಬೇಕಾದರೆ ಸೊಂಟ ಬಲಕ್ಕೆ ಹೊರಳಲೇಬೇಕು. ಮತ್ತೆ ಕೆಳಗೆ ಬಲಗಾಲು, ಎಡಕ್ಕೆ ಎಡಗಾಲು, ಮೈ ಮೊದಲಿನಂತಾಯಿತು. ಇದೇ ‘ಕ್ರಾಸ್‌ಓವರ್’. ಹೆದರಿ ಬಲ ಬಾಣಕ್ಕೆ ಬಲಗಾಲನ್ನೇ ಎಳೆದುಕೊಂಡರೆ ಮುಂದಿನ ಕೆಳಗಿನ ಬಾಣಕ್ಕೆ ಎಡಗಾಲು ಬೇಕಾಗುತ್ತದೆ, ಆಮೇಲಿನ ಎಡಕ್ಕೂ ಅದೇ ಎಡಗಾಲು. ಒಂದು ಡಬಲ್ ಸ್ಟೆಪ್ ಇನ್ನೊಂದನ್ನು ಕರೆದುಕೊಂಡೇ ಬರುತ್ತದೆ. ಮನೆಯಲ್ಲಿ ನೆಲದ ಮೇಲೆ ನಾಲ್ಕು ಕಾಗದದ ತುಂಡು ಇಟ್ಟು ನಿಧಾನವಾಗಿ ಇದನ್ನು ಮಾಡಿ ನೋಡಿ. ಈ ಆಟಕ್ಕೆ ‘ಡ್ಯಾನ್ಸ್’ ಎಂಬ ಹೆಸರು ಸುಮ್ಮನೆ ಬಂದಿಲ್ಲ ಎಂಬುದು ಆ ಸೊಂಟದ ತಿರುವಿನಲ್ಲಿ ಗೊತ್ತಾಗುತ್ತದೆ. ಇಂಥ ದಾಟು ಹೆಜ್ಜೆಗಳ ಒಂದು ಬಗೆಗೆ ‘ಆಫ್ರೋನೋವಾ ವಾಕ್’ ಎಂಬ ಹೆಸರು ನಿಂತುಬಿಟ್ಟಿದೆ. ಆಫ್ರೋನೋವಾ ಎಂಬುದು 1999ರ ಡಿಡಿಆರ್ ‘ಥರ್ಡ್ ಮಿಕ್ಸ್’ನಲ್ಲಿದ್ದ ಹಾಡು. ಆ ಹಾಡು ಆಡದವರೂ ಆ ಹೆಸರು ಬಳಸುತ್ತಾರೆ.

ಒಂದೇ ಕಾಲು ಮೇಲಿನ ಪ್ಯಾನೆಲ್‌ನಿಂದ ನೇರ ಕೆಳಗಿನದಕ್ಕೆ, ಇಲ್ಲವೇ ಕೆಳಗಿನಿಂದ ಮೇಲಕ್ಕೆ ಹಾರಬೇಕಾಗಿ ಬಂದರೆ ಅದು ‘ಕ್ಯಾಂಡಲ್’. ಇನ್ನೊಂದು ಕಾಲು ಎಡಕ್ಕೋ ಬಲಕ್ಕೋ ನಿಂತಿರುವಾಗ ಇದು ಪ್ಯಾಡ್‌ನ ಉದ್ದಕ್ಕೂ ಸಾಗುವ ದೊಡ್ಡ ಹೆಜ್ಜೆ. ‘ಜ್ಯಾಕ್’ ಎಂದರೆ ಒಂದೇ ಬಾಣವನ್ನು ಒಂದೇ ಕಾಲಿನಲ್ಲಿ ಪಟಪಟನೆ ಮತ್ತೆ ತುಳಿಯುವುದು. ಅದೇ ಬಾಣವನ್ನು ಒಂದು ಸಲ ಎಡಗಾಲು, ಇನ್ನೊಂದು ಸಲ ಬಲಗಾಲು ತುಳಿದರೆ ‘ಫುಟ್‌ಸ್ವಿಚ್’. ಈ ಎಲ್ಲ ಪದಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ಯಾಕೆಂದರೆ ಪರದೆಯ ಮೇಲೆ ಜ್ಯಾಕ್ ಮತ್ತು ಫುಟ್‌ಸ್ವಿಚ್ ಎರಡೂ ಒಂದೇ ಥರ ಕಾಣುತ್ತವೆ: ಒಂದೇ ಬಾಣ, ಎರಡು ಸಲ. ಯಾವುದು ಎಂದು ನಿರ್ಧರಿಸುವುದು ಅದರ ನಂತರ ಬರುವ ಬಾಣ. ಮುಂದಿನದಕ್ಕೆ ಯಾವ ಕಾಲು ಖಾಲಿ ಇರಬೇಕು ಎಂದು ಕಣ್ಣು ಮೊದಲೇ ಓದಿ, ಒಂದು ಕಾಲು ಜಾಗ ಬಿಡುತ್ತಿದ್ದಂತೆ ಇನ್ನೊಂದನ್ನು ಅಲ್ಲಿಗೆ ತರಬೇಕು. ಹೀಗೆ ಮುಂದಿನದನ್ನು ನೋಡಿ ಹಿಂದಿನದನ್ನು ಅರ್ಥ ಮಾಡಿಕೊಳ್ಳಬೇಕಾದ ಚಾರ್ಟ್‌ಗಳಿಗೆ ಒಟ್ಟಾರೆ ‘ಟೆಕ್’ ಎನ್ನುತ್ತಾರೆ.

ಒಂದೇ ಪಾದದಲ್ಲಿ ಪಕ್ಕಪಕ್ಕದ ಎರಡು ಪ್ಯಾನೆಲ್ ಒತ್ತುವುದು ‘ಬ್ರ್ಯಾಕೆಟ್’. ಬೆರಳಿನ ಕಡೆ ಒಂದು, ಹಿಮ್ಮಡಿಯ ಕಡೆ ಒಂದು. ನಡುವೆ ಪ್ಯಾನೆಲ್ ಇರುವ ಪಂಪ್‌ನಲ್ಲಿ ಇದು ದಿನನಿತ್ಯದ ಹೆಜ್ಜೆ. ಮೂರು ಬಾಣ ಒಟ್ಟಿಗೆ ಬಂದರೆ ಐಟಿಜಿಯಲ್ಲಿ ‘ಹ್ಯಾಂಡ್ಸ್’. ಬಗ್ಗಿ ಮೂರನೆಯದನ್ನು ಕೈಯಲ್ಲಿ ಹೊಡೆಯಬೇಕು, ಬ್ರ್ಯಾಕೆಟ್ ಬಲ್ಲವರು ಮಾತ್ರ ನಿಂತೇ ಮುಗಿಸುತ್ತಾರೆ.

ಲಯದ ವಿಷಯಕ್ಕೆ ಬಂದರೆ ನಮ್ಮ ತಾಳ ಬಲ್ಲವರು ಬೇಗ ಹಿಡಿಯುತ್ತಾರೆ. ಡಿಡಿಆರ್‌ನ ‘ನೋಟ್’ ಎಂಬ ಬಣ್ಣದ ಆಯ್ಕೆಯಲ್ಲಿ ಬೀಟಿನ ಮೇಲೇ ಬೀಳುವ ಬಾಣ ಕೆಂಪು, ಎರಡು ಬೀಟಿನ ನಟ್ಟನಡುವೆ ಬೀಳುವುದು ನೀಲಿ, ಬೀಟನ್ನು ನಾಲ್ಕು ಮಾಡಿದಾಗ ಉಳಿಯುವ ಎರಡು ಜಾಗ ಹಳದಿ, ಮಿಕ್ಕಿದ್ದೆಲ್ಲ ಹಸಿರು. ಅಂದರೆ ಚತುರಶ್ರ ನಡೆ ಪೂರ್ತಿ ಕೆಂಪು, ಹಳದಿ, ನೀಲಿ, ಹಳದಿಯಲ್ಲಿ ಸಾಗುತ್ತದೆ. ಹಾಡು ತಿಶ್ರಕ್ಕೆ ತಿರುಗಿದ ಕೂಡಲೇ ಕೆಂಪಿನ ನಡುವೆ ಎರಡೆರಡು ಹಸಿರು ಬರತೊಡಗುತ್ತವೆ. ಬಣ್ಣ ಓದಲು ಕಲಿತರೆ ಹಾಡು ಕೇಳುವ ಮೊದಲೇ ಕಾಲಿಗೆ ಲಯ ತಿಳಿಯುತ್ತದೆ. ಬೀಟಿಗೆ ತುಸು ಮೊದಲು ಒಂದು, ಬೀಟಿನ ಮೇಲೆ ಒಂದು, ಹೀಗೆ ಜೋಡಿಜೋಡಿಯಾಗಿ ‘ತ-ಧೀಂ, ತ-ಧೀಂ’ ಎಂದು ಬರುವುದು ‘ಗ್ಯಾಲಪ್’.

ಬೀಟಿಗೆ ನಾಲ್ಕರಂತೆ ಬಾಣಗಳು ಬಿಡುವಿಲ್ಲದೆ ಹರಿದರೆ ‘ಸ್ಟ್ರೀಮ್’. ಎರಡೇ ಪ್ಯಾನೆಲ್ ನಡುವೆ ಹಾಗೆ ಓಡಿದರೆ ‘ಡ್ರಿಲ್’. ಸ್ಟ್ರೀಮ್ ಹಿಂದೆ ಬಿದ್ದವರದೇ ಒಂದು ಪಂಗಡ, ‘ಸ್ಟ್ಯಾಮಿನಾ’ ಆಟಗಾರರು. ಅವರ ಲೆಕ್ಕ ಬಾಣದಲ್ಲಿಲ್ಲ, ಮೆಷರ್‌ನಲ್ಲಿದೆ. ನಾಲ್ಕು ಬೀಟಿಗೆ ಒಂದು ಮೆಷರ್, ಅದರಲ್ಲಿ ಹದಿನಾರು ಬಾಣ. ‘180ರಲ್ಲಿ 32’ ಎಂದು ಒಬ್ಬ ಹೇಳಿದ ಅಂದುಕೊಳ್ಳಿ. ನಿಮಿಷಕ್ಕೆ 180 ಬೀಟಿನ ವೇಗದಲ್ಲಿ 32 ಮೆಷರ್ ಎಂದರೆ 512 ಬಾಣ, ಸೆಕೆಂಡಿಗೆ 12ರಂತೆ, ಸುಮಾರು 43 ಸೆಕೆಂಡು ನಿಲ್ಲದೆ. ಇದಕ್ಕೆ ಎದುರಾಗಿ, ವೇಗಕ್ಕಿಂತ ನಿಖರತೆಯೇ ಮುಖ್ಯ ಅನ್ನುವವರದು ಡಿಡಿಆರ್‌ನಲ್ಲಿ ‘ಪರ್ಫೆಕ್ಟ್ ಅಟ್ಯಾಕ್’, ಪಿಎ. ಐಟಿಜಿಯಲ್ಲಿ ‘ಫ್ಯಾಂಟಾಸ್ಟಿಕ್ ಅಟ್ಯಾಕ್’, ಎಫ್‌ಎ.

ಹೊಸಬರು ಪರಿಣತರ ಪರದೆ ನೋಡಿ ಬಾಣಗಳು ಇಷ್ಟು ವೇಗವಾಗಿ ಓಡುತ್ತಿವೆಯಲ್ಲ ಎಂದು ಗಾಬರಿಯಾಗುತ್ತಾರೆ. ಆ ವೇಗ ಅವರೇ ಕೇಳಿ ಪಡೆದದ್ದು. ‘ಸ್ಪೀಡ್ ಮಾಡ್’ ಹಾಕಿದರೆ ಬಾಣಗಳ ನಡುವಿನ ಅಂತರ ಹಿಗ್ಗುತ್ತದೆ, ಗುಂಪಾಗಿ ಕಲಸಿಕೊಳ್ಳದೆ ಒಂದೊಂದೂ ಬಿಡಿಯಾಗಿ ಕಾಣುತ್ತದೆ. ಹಾಡಿನ ಬಿಪಿಎಂ (ನಿಮಿಷಕ್ಕೆ ಬೀಟ್) 150 ಇದ್ದು ಮಾಡ್ 4 ಇಟ್ಟರೆ 600. ಪ್ರತಿಯೊಬ್ಬರ ಕಣ್ಣಿಗೂ ಒಪ್ಪುವ ಒಂದು ಅಂಕಿ ಇರುತ್ತದೆ. ‘ನಾನು 600 ಓದುತ್ತೇನೆ’ ಎನ್ನುವವರು 200ರ ಹಾಡಿಗೆ 3 ಇಡುತ್ತಾರೆ. ಹಾಡಿನ ನಡುವೆ ವೇಗ ಬದಲಾದರೆ ಈ ಲೆಕ್ಕ ಬುಡಮೇಲು. ಅಂಥ ಏರಿಳಿತಕ್ಕೆ ಜಪಾನಿನಲ್ಲಿ ‘ಸೊಫುರಾನ್’ ಎನ್ನುತ್ತಾರೆ. ಇದು ಕೊನಾಮಿಯದೇ ಆದ ‘ಬೀಟ್‌ಮೇನಿಯಾ 2ಡಿಎಕ್ಸ್’ ಆಟದ ‘ಸಾಫ್ಟ್ ಲ್ಯಾಂಡಿಂಗ್ ಆನ್ ದ ಬಾಡಿ’ ಎಂಬ ಹಾಡಿನ ಹೆಸರು ಸವೆದು ಉಳಿದ ರೂಪ. ಸ್ಟೆಪ್‌ಮೇನಿಯಾದಲ್ಲಿ ‘ಸಿ-ಮಾಡ್’ ಹಾಕಿದರೆ ಬಿಪಿಎಂ ಎಷ್ಟೇ ಕುಣಿದರೂ ಬಾಣ ಒಂದೇ ವೇಗದಲ್ಲಿ ಬರುತ್ತದೆ. ಚಾರ್ಟ್ ಬರೆದವರು ಆ ಏರಿಳಿತವನ್ನೇ ಆಟದ ಸ್ವಾರಸ್ಯವಾಗಿ ಇಟ್ಟಿದ್ದರೆ ‘ನೋ ಸಿ-ಮಾಡ್’ ಎಂದು ಮೊದಲೇ ಬರೆದಿರುತ್ತಾರೆ.

ಪ್ಯಾಡ್ ಹಿಂದಿರುವ ಕಂಬಿಯೇ ‘ಬಾರ್’. ಅದನ್ನು ಹಿಡಿದು ಆಡಿದರೆ ಮೈಭಾರ ಅದರ ಮೇಲೆ ಬಿದ್ದು ಕಾಲು ಹಗುರಾಗುತ್ತದೆ. ಹಿಡಿಯುವುದು ಸರಿಯೋ ತಪ್ಪೋ ಎಂದು ಆಟ ಹುಟ್ಟಿದಾಗಿನಿಂದ ಜಗಳ. ಕಂಬಿ ಹಿಡಿಯುವವರನ್ನು ಹೀಗಳೆಯಲು ಹಿಂದೆ ಒಂದು ಕೆಟ್ಟ ಪದವೂ ಇತ್ತು. ಈಗ ‘ಬಾರ್’, ‘ನೋ ಬಾರ್’ ಎಂದಷ್ಟೇ ಹೇಳುತ್ತಾರೆ, ಒಳ್ಳೆಯದಾಯಿತು. ನನ್ನ ಅಭಿಪ್ರಾಯದಲ್ಲಿ ಎರಡೂ ಬೇರೆ ಬೇರೆ ವಿದ್ಯೆ. ಕಂಬಿ ಹಿಡಿದು ಹದಿನೆಂಟು ಮುಗಿಸುವುದೂ ಕಷ್ಟವೇ, ಕೈಬೀಸಿಕೊಂಡು ಹದಿನೈದು ಮುಗಿಸುವುದೂ ಕಷ್ಟವೇ. ಅಂಕ ಹೇಳುವಾಗ ಯಾವುದು ಎಂದು ಹೇಳಿಬಿಟ್ಟರೆ ಯಾರಿಗೂ ತಕರಾರಿಲ್ಲ.

ಯಂತ್ರಕ್ಕೂ ಪದಗಳಿವೆ. ಇಡೀ ಯಂತ್ರ ‘ಕ್ಯಾಬ್’. ರಾಕ್ಸರ್‌ನವರು ಹಳೆಯ ಡಿಡಿಆರ್ ಕ್ಯಾಬ್‌ಗಳೊಳಗೆ ಐಟಿಜಿ ಕೂರಿಸಲು ಮಾರಿದ ಪೆಟ್ಟಿಗೆಗೆ ‘ಬಾಕ್ಸರ್’ ಎಂಬ ಅಡ್ಡಹೆಸರು. ಆಟಕ್ಕಾಗಿಯೇ ಮಾಡಿದ ಯಂತ್ರ ‘ಡೆಡಿಕ್ಯಾಬ್’. 2019ರಲ್ಲಿ ಬಂದ ಡಿಡಿಆರ್‌ನ ಇಪ್ಪತ್ತನೇ ವರ್ಷದ ಮಾದರಿ ‘ಗೋಲ್ಡ್ ಕ್ಯಾಬ್’. ಸರಿಯಾಗಿ ತುಳಿದರೂ ಸೆನ್ಸರ್ ಹಿಡಿಯದೆ ಬಂದ ಮಿಸ್ ‘ಪ್ಯಾಡ್ ಮಿಸ್’. ಅದಕ್ಕೆ ಅಮೆರಿಕದ ಆಟಗಾರರು ಕಂಡುಕೊಂಡ ಮದ್ದು ‘ಪೆನ್ನಿ ಮಾಡ್’: ಪ್ಯಾನೆಲ್ ಬಿಚ್ಚಿ, ಒಳಗೆ ಒಂದು ಸೆಂಟಿನ ನಾಣ್ಯಗಳನ್ನು ಇಟ್ಟು, ಹಗುರ ಹೆಜ್ಜೆಗೂ ಸೆನ್ಸರ್ ಒತ್ತುವಂತೆ ಎತ್ತರ ಮಾಡುವುದು. ಮನೆಯಲ್ಲಿ ಪ್ಯಾಡ್ ಕಟ್ಟುವವರು ಈಗ ಒತ್ತಡವನ್ನು ಅಳೆಯುವ ‘ಎಫ್‌ಎಸ್‌ಆರ್’ ಸೆನ್ಸರ್ ಹಾಕಿ, ಎಷ್ಟು ಭಾರಕ್ಕೆ ಪ್ಯಾನೆಲ್ ಎಚ್ಚರವಾಗಬೇಕು ಎಂಬುದನ್ನು ಕಂಪ್ಯೂಟರಿನಲ್ಲೇ ಹೊಂದಿಸುತ್ತಾರೆ. ಹಾಡು ಮತ್ತು ಬಾಣ ಒಂದಕ್ಕೊಂದು ಕೂಡುವುದು ‘ಸಿಂಕ್’. ಐಟಿಜಿ ಯಂತ್ರಗಳ ಸಿಂಕ್‌ಗೂ ಸ್ಟೆಪ್‌ಮೇನಿಯಾದ ‘ನಲ್’ ಸಿಂಕ್‌ಗೂ 9 ಮಿಲಿಸೆಕೆಂಡಿನ ವ್ಯತ್ಯಾಸ ಇದೆ. ಕ್ವಿಂಟ್‌ಗೆ ಸಿಗುವ ಅವಕಾಶವೇ 15 ಮಿಲಿಸೆಕೆಂಡು ಎಂಬುದು ನೆನಪಿದ್ದರೆ, ಹಾಡುಗಳ ಕಟ್ಟು ಹಂಚುವವರು ‘ಇದು ನಲ್ ಸಿಂಕೋ, ಒಂಬತ್ತೋ’ ಎಂದು ಯಾಕೆ ತಪ್ಪದೆ ಬರೆಯುತ್ತಾರೆ ಎಂಬುದು ಅರ್ಥವಾಗುತ್ತದೆ.

ಸರದಿಗೆ ಅಮೆರಿಕದ ಆರ್ಕೇಡ್‌ಗಳಲ್ಲಿ ಬೆಳೆದ ಕ್ರಮ, ಪರದೆಯ ಚೌಕಟ್ಟಿನ ಅಂಚಿನಲ್ಲಿ ನಾಣ್ಯವನ್ನೋ ಟೋಕನ್ನನ್ನೋ ಸಾಲಾಗಿ ಇಡುವುದು. ಸಾಲಿನಲ್ಲಿ ನಿಮ್ಮ ನಾಣ್ಯ ಎಷ್ಟನೆಯದೋ ನೀವೂ ಅಷ್ಟನೆಯವರು. ಒಮ್ಮೆ ಹಣ ಹಾಕಿ ಆಡುವ ಹಾಡುಗಳೆಲ್ಲ ಸೇರಿ ಒಂದು ‘ಸೆಟ್’. ಸೆಟ್ ಮುಗಿದ ಮೇಲೆ ಇಳಿದು ಜಾಗ ಬಿಡಬೇಕು. ಆಡುತ್ತಿರುವವರ ಹಿಂದಿನ ಕಂಬಿಗೆ ಒರಗುವುದು, ಹಾಡಿನ ನಡುವೆ ಮಾತನಾಡಿಸುವುದು ಸಲ್ಲದು. ಪಕ್ಕದ ಪ್ಯಾಡ್ ಖಾಲಿ ಇದ್ದು ಜೊತೆಗೆ ಆಡುವ ಮನಸ್ಸಿದ್ದರೆ, ಹಾಡು ಮುಗಿಯುವವರೆಗೆ ಕಾದು ‘ನಾನೂ ಬರಲಾ?’ ಎಂದು ಕೇಳಿದರೆ ಆಯಿತು. ಬಹುತೇಕರು ಸರಿದು ಜಾಗ ಕೊಟ್ಟು, ನೀವು ಎಷ್ಟನೇ ಅಂಕಿ ಆಡುತ್ತೀರಿ ಎಂದು ವಿಚಾರಿಸಿ, ಇಬ್ಬರಿಗೂ ಒಗ್ಗುವ ಹಾಡು ಹುಡುಕುತ್ತಾರೆ.